ಸ್ಲೀಪ್, ಶಟ್‌ಡೌನ್, ಹೈಬರ್ನೇಟ್: ದಿನಾ ಬಸ್ಸಲ್ಲಿ ಓಡಾಡುವವನ ಓಟು ಯಾರಿಗೆ?

ಮೊದಲೇ ಹೇಳಿಬಿಡುತ್ತೇನೆ, ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕುವ ಮುಂಚೆ ಮಲಗಿಸುವ ಈ ಮೂರು ದಾರಿಗಳಲ್ಲಿ ನನ್ನ ಓಟು ಹೈಬರ್ನೇಟ್‌ಗೆ. ಹೊಸ ಲ್ಯಾಪ್‌ಟಾಪ್ ತಗೊಂಡ ಮೇಲೆ ಮೂರನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಹಳೆಯದರಲ್ಲಿ ಈ ತಲೆಬಿಸಿ ಇರಲೇ ಇಲ್ಲ. ಮುಚ್ಚಿದರೆ ಮಲಗುತ್ತಿತ್ತು, ತೆರೆದರೆ ಏಳುತ್ತಿತ್ತು.

ಹೊಸದು ಮಲಗುವುದೇ ಇಲ್ಲ. ಉಡುಪಿಯಿಂದ ಮಂಗಳೂರಿಗೆ ನನ್ನದು ಎಕ್ಸ್‌ಪ್ರೆಸ್ ಬಸ್ಸು. ಸೀಟು ಸಿಗದಿದ್ದರೆ ಬ್ಯಾಗನ್ನು ಕುಳಿತವರ ಕೈಗೆ ಕೊಟ್ಟು ನಿಲ್ಲುವುದು ವಾಡಿಕೆ, ಅಲ್ವಾ? ಹಾಗೆ ಒಬ್ಬರು ಹಿರಿಯರ ಮಡಿಲಿಗೆ ಕೊಟ್ಟಿದ್ದೆ. ಪಡುಬಿದ್ರೆ ದಾಟುವಷ್ಟರಲ್ಲಿ ಅವರು ತಲೆ ಎತ್ತಿ, "ಎಂತ ಮಾರಾಯ್ರೆ, ಬ್ಯಾಗಲ್ಲಿ ಬಿಸಿ ಗೋಳಿಬಜೆ ಉಂಟಾ?" ಎಂದು ಕೇಳಿದರು. ಜಿಪ್ ತೆಗೆದು ಕೈ ಹಾಕಿದರೆ ಲ್ಯಾಪ್‌ಟಾಪ್‌ನ ತಳ ಸುಡುತ್ತಿದೆ, ಫ್ಯಾನು ಗುಂಯ್ ಎನ್ನುತ್ತಿದೆ. ಮನೆಯಲ್ಲಿ ಫುಲ್ ಇದ್ದ ಚಾರ್ಜು ಹಂಪನಕಟ್ಟೆಯಲ್ಲಿ ಇಳಿಯುವಾಗ ಅರ್ಧ.

ಬ್ಯಾಟರಿ ಹಾಳಾಗಿರಬೇಕು ಎಂದರು ಆಫೀಸಿನವರು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) 'ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್' (powercfg /batteryreport) ಕೊಟ್ಟು ನೋಡಿದೆ. ತಯಾರಾದಾಗಿನ ಸಾಮರ್ಥ್ಯಕ್ಕೂ ಈಗಿನದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮತ್ತೆ 'ಪವರ್‌ಸಿಎಫ್‌ಜಿ /ಎ' ಕೊಟ್ಟಾಗ ಗುಟ್ಟು ಹೊರಬಿತ್ತು. ಹಳೆಯ ಎಸ್3 ಸ್ಲೀಪ್ ಈ ಯಂತ್ರದಲ್ಲಿ ಇಲ್ಲವೇ ಇಲ್ಲ, ಫರ್ಮ್‌ವೇರ್‌ನಲ್ಲೇ (ಯಂತ್ರದೊಳಗೆ ಕಂಪನಿಯೇ ಹಾಕಿದ ಮೂಲ ಸಾಫ್ಟ್‌ವೇರ್) ಕೊಟ್ಟಿಲ್ಲ. ಇರುವುದು ಎಸ್0, ಅಂದರೆ ಮಾಡರ್ನ್ ಸ್ಟ್ಯಾಂಡ್‌ಬೈ. ಎಸ್3ಯಲ್ಲಿ ರ‍್ಯಾಮ್‌ಗೆ (ತೆರೆದಿಟ್ಟ ಕೆಲಸ ಇರುವ ತಾತ್ಕಾಲಿಕ ಮೆಮೊರಿ) ಮಾತ್ರ ಸ್ವಲ್ಪ ಕರೆಂಟು, ಉಳಿದದ್ದು ಹೆಚ್ಚುಕಡಿಮೆ ಬಂದ್. ಎಸ್0ನಲ್ಲಿ ಸ್ಕ್ರೀನ್ ಆರಿದರೂ ಒಳಗೆ ಆಗಾಗ ಕೆಲಸ ನಡೆಯುತ್ತದೆ: ಮೇಲ್ ಬರುತ್ತದೆ, ಅಪ್‌ಡೇಟ್ ಇಳಿಯುತ್ತದೆ. ಒಂದೇ ಒಂದು ಡ್ರೈವರ್ (ವೈಫೈಯಂಥ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಹಟ ಹಿಡಿದರೂ ಇಡೀ ಯಂತ್ರ ಎಚ್ಚರ.

ಹಟ ಹಿಡಿದದ್ದು ಯಾರು ಎಂದು ತಿಳಿಯಲು ಅಡ್ಮಿನಿಸ್ಟ್ರೇಟರ್ ಆಗಿ 'ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ' ಓಡಿಸಿ. ಕಳೆದ 3 ದಿನಗಳ ಜಾತಕ ಬರುತ್ತದೆ. ನನ್ನದರಲ್ಲಿ ಸಿಕ್ಕಿಬಿದ್ದದ್ದು ವೈಫೈ. ಡ್ರೈವರ್ ಹೊಸದು ಹಾಕಿದೆ, ಸ್ಟ್ಯಾಂಡ್‌ಬೈನಲ್ಲಿ ನೆಟ್‌ವರ್ಕ್ ಬೇಡ ಎಂದೂ ಸೆಟ್ ಮಾಡಿದೆ. ಬಿಸಿ ಕಡಿಮೆಯಾಯಿತು. ಆದರೆ ಮುಂದಿನ ಅಪ್‌ಡೇಟ್ ಬಂದಾಗ ಏನು ಕಥೆಯೋ. ಬ್ಯಾಗಲ್ಲಿಟ್ಟು ಅದನ್ನು ನಂಬುವ ಧೈರ್ಯ ನನಗಿಲ್ಲ.

ಶಟ್‌ಡೌನ್? ಬಿಸಿಯಾಗುವುದಿಲ್ಲ, ಸರಿ. ಆದರೆ ಬೆಳಿಗ್ಗೆ ಇಪ್ಪತ್ತು ಟ್ಯಾಬ್, ಎರಡು ಎಕ್ಸೆಲ್ ಮತ್ತೆ ತೆರೆಯುತ್ತಾ ಕೂರಬೇಕು. ಅದೂ ಅಲ್ಲದೆ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಅದು ಪೂರ್ತಿ ಶಟ್‌ಡೌನ್ ಅಲ್ಲ, ವಿಂಡೋಸ್‌ನ ಕರ್ನಲ್ ಎನ್ನುವ ಒಳತಿರುಳು ಡಿಸ್ಕ್‌ಗೆ ಸೇವ್ ಆಗಿರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅಪ್‌ಟೈಮ್ (ಎಷ್ಟು ಹೊತ್ತಿನಿಂದ ಓಡುತ್ತಿದೆ ಎನ್ನುವ ಲೆಕ್ಕ) ನೋಡಿ, ರಾತ್ರಿ ಬಂದ್ ಮಾಡಿದ್ದು ಲೆಕ್ಕಕ್ಕೇ ಬಂದಿರುವುದಿಲ್ಲ. ಏನಾದರೂ ತೊಂದರೆ ಇದ್ದರೆ ರೀಸ್ಟಾರ್ಟ್ ಕೊಡಿ, ಅದು ನಿಜವಾಗಿ ಹೊಸದಾಗಿ ಶುರುವಾಗುತ್ತದೆ.

ಹೈಬರ್ನೇಟ್ ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆದು ಕರೆಂಟು ಬಂದ್ ಮಾಡುತ್ತದೆ. ತೆರೆದಾಗ ಟ್ಯಾಬುಗಳು ಬಿಟ್ಟಲ್ಲೇ. ಏಳಲು ಸ್ಲೀಪ್‌ಗಿಂತ ನಿಧಾನ, ಆದರೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಇದ್ದರೆ ನೀರು ಕುಡಿದು ಬರುವಷ್ಟು ಹೊತ್ತೂ ಬೇಡ. ಜಾಗ ತಿನ್ನುತ್ತದೆ: ಸಾಮಾನ್ಯವಾಗಿ ರ‍್ಯಾಮ್‌ನ 40%, ಅಂದರೆ 16 ಜಿಬಿಗೆ ಸುಮಾರು 6.4 ಜಿಬಿ. ಸಿ ಡ್ರೈವ್ ತುಂಬಿದವರಿಗೆ ಇದು ಕಿರಿಕಿರಿಯೇ.

ಮೆನುವಿನಲ್ಲಿ ಹೈಬರ್ನೇಟ್ ಕಾಣದಿದ್ದರೆ ಗಾಬರಿ ಬೇಡ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕು ಎನ್ನುವ ಪುಟಕ್ಕೆ ಹೋಗಿ ಟಿಕ್ ಹಾಕಿ. ಅಲ್ಲೂ ಇಲ್ಲದಿದ್ದರೆ 'ಪವರ್‌ಸಿಎಫ್‌ಜಿ /ಹೈಬರ್ನೇಟ್ ಆನ್'. ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗಲಿ ಎಂದು ಪಕ್ಕದಲ್ಲೇ ಸೆಟ್ ಮಾಡಬಹುದು.

ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲದವರು ಸುಮ್ನೆ ಸ್ಲೀಪ್‌ನಲ್ಲೇ ಇರಿ. ನಾನೂ ಚಹಾಕ್ಕೆ ಎದ್ದಾಗ ಅದನ್ನೇ ಒತ್ತುತ್ತೇನೆ. ಮನೆಯ ಡೆಸ್ಕ್‌ಟಾಪ್‌ಗೆ ಮಾತ್ರ ಬೇರೆ ಕಾರಣಕ್ಕೆ ಹೈಬರ್ನೇಟ್ ಹಾಕಿದ್ದೇನೆ. ಯುಪಿಎಸ್‌ಗೆ ಸದ್ಯ ದುಡ್ಡಿಲ್ಲ, ನಮ್ಮ ಕಡೆ ಮಳೆಗಾಲದ ಹಿಂದೆ ಮುಂದೆ ಗುಡುಗು ಸಿಡಿಲು ಜಾಸ್ತಿ. ಹೈಬರ್ನೇಟ್ ಆದ ಮೇಲೆ ಪ್ಲಗ್ ಕಿತ್ತಿಟ್ಟರೂ ಫೈಲು ಎಲ್ಲಿಗೂ ಹೋಗುವುದಿಲ್ಲ.