ಮನಸ್ಸು ಒಪ್ಪದ ಡ್ಯೂಟಿ, ಕೈಗೆ ಬಂದ ಮೆಮೊ: ಉಚಿತ ಕಾನೂನು ನೆರವು ಎಷ್ಟು ಉಪಯೋಗ?

ಗರ್ಭಪಾತದ ಡ್ಯೂಟಿ ಹಾಕಿದ್ದಾರೆ, ಮನಸ್ಸು ಒಪ್ಪುತ್ತಿಲ್ಲ, ಒಲ್ಲೆ ಎಂದರೆ ಮೆಮೊ ಬರುತ್ತದೆ. ಮೈಸೂರು, ಮಂಡ್ಯದ ಆಸ್ಪತ್ರೆಗಳಲ್ಲಿ ದುಡಿಯುವ ಯಾರೇ ಈ ಇಕ್ಕಟ್ಟಿಗೆ ಸಿಕ್ಕರೂ ಮೊದಲು ಹೋಗಬೇಕಾದ ಜಾಗ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಮೆಮೊಗೆ ಉತ್ತರ ಬರೆಸಲು, ಇಲಾಖಾ ವಿಚಾರಣೆಗೆ ಸಜ್ಜಾಗಲು ಇದು ಒಳ್ಳೆಯ ಸೇವೆ. ನಿರಾಕರಿಸುವ ಹಕ್ಕನ್ನೇ ದೊರಕಿಸಿಕೊಡುತ್ತಾರೆ ಎಂದು ಹೋದರೆ ನಿರಾಸೆಯಾಗುತ್ತದೆ. ಆ ಕೊರತೆ ಪ್ರಾಧಿಕಾರದ್ದಲ್ಲ, ಕಾನೂನಿನದು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲ. ಹಾಗಾಗಿ ಸಂಬಳ ಎಷ್ಟಿದ್ದರೂ ಸ್ಟಾಫ್ ನರ್ಸ್ ಹೆಣ್ಣುಮಗಳು ಅರ್ಜಿ ಹಾಕಬಹುದು. ಸಹಾಯವಾಣಿ 15100. ನಂಜನಗೂಡು, ಮದ್ದೂರು, ಶ್ರೀರಂಗಪಟ್ಟಣದವರು ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೇ ಹೋಗಬಹುದು. ನೇಮಕಾತಿ ಆದೇಶ, ಡ್ಯೂಟಿ ರೋಸ್ಟರ್‌ನ ನಕಲು, ಮೆಮೊ, ಗುರುತಿನ ಚೀಟಿ ಜೊತೆಗಿರಲಿ. ಸೇವಾ ವಿಷಯ ಬಲ್ಲ ವಕೀಲರು ಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಸರ್ಕಾರಿ ನೌಕರರ ಶಿಸ್ತುಕ್ರಮದ ವಿಷಯ ಕೊನೆಗೆ ಬೆಂಗಳೂರಿನ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುತ್ತದೆ, ಅಲ್ಲಿಗೆ ನೆರವು ಹೇಗೆ ಮುಂದುವರಿಯುತ್ತದೆ ಎಂದು ಮೊದಲ ದಿನವೇ ಕೇಳಿ.

ಹೆಚ್ಚಿನವರು ಎಡವುವುದು ಸಂವಿಧಾನದ 25ನೇ ವಿಧಿಯ ಮೇಲೆ. ಆತ್ಮಸಾಕ್ಷಿಯ ಸ್ವಾತಂತ್ರ್ಯ ಅಲ್ಲಿದೆ ನಿಜ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವಕ್ಕೆ ಒಳಪಟ್ಟು ಎಂಬ ಮಾತೂ ಅದೇ ಸಾಲಿನಲ್ಲಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ಆತ್ಮಸಾಕ್ಷಿಯ ವಿನಾಯಿತಿ ಇಲ್ಲ. ಬ್ರಿಟನ್ನಿನ 1967ರ ಕಾಯ್ದೆಯಲ್ಲಿದೆ, ಅದರ ಪ್ರಿಂಟ್ ಹಿಡಿದು ಬಂದರೆ ಇಲ್ಲಿ ನಡೆಯದು. ವೈದ್ಯರಿಗಂತೂ 2002ರ ವೃತ್ತಿ ನಡತೆ ನಿಯಮಾವಳಿ ನೇರವಾಗಿಯೇ ಹೇಳುತ್ತದೆ: ವೈದ್ಯಕೀಯ ಕಾರಣವಿದ್ದಾಗ ಬರೀ ಧರ್ಮದ ನೆಪದಲ್ಲಿ ಗರ್ಭಪಾತ, ಸಂತಾನಹರಣ ಚಿಕಿತ್ಸೆಗೆ ಒಲ್ಲೆ ಎನ್ನುವಂತಿಲ್ಲ. ಆ ಕೆಲಸದಲ್ಲಿ ತನಗೆ ಪರಿಣತಿ ಇಲ್ಲ ಎನಿಸಿದರೆ ಮಾತ್ರ ಬಿಡಬಹುದು.

ಹೀಗಿರುವಾಗ ವಕೀಲರಿಂದ ಬರೆಸಿಕೊಳ್ಳಬೇಕಾದದ್ದು ಹಕ್ಕೊತ್ತಾಯವಲ್ಲ, ಡ್ಯೂಟಿ ಬದಲಾವಣೆಯ ಮನವಿ. ಅದು ರೋಸ್ಟರ್ ಹಾಕುವ ಮೊದಲೇ ನರ್ಸಿಂಗ್ ಸೂಪರಿಂಟೆಂಡೆಂಟರ ಕೈ ಸೇರಬೇಕು. ಇಡೀ ವಾರ್ಡೇ ಬೇಡ ಎನ್ನದೆ ಯಾವ ಕೆಲಸ ಆಗದು ಎಂದು ಹೆಸರಿಸಿ. ಬದಲಿಗೆ ಮಾಡುವ ಪಾಳಿ ತಿಳಿಸಿ. ಜೀವಕ್ಕೆ ಅಪಾಯವಿದ್ದಾಗ ಕೆಲಸಕ್ಕೆ ನಿಲ್ಲುತ್ತೇನೆ ಎಂಬ ಸಾಲು ಇರಲೇಬೇಕು, ಅದಿಲ್ಲದ ಪತ್ರ ಮುಂದೆ ನಿಮ್ಮ ಮೇಲೇ ತಿರುಗುತ್ತದೆ. ನಕಲಿಗೆ ಸ್ವೀಕೃತಿ ಮೊಹರು ಹಾಕಿಸಿ.

ಥಿಯೇಟರ್ ಬಾಗಿಲಲ್ಲಿ ನಿಂತು ಒಲ್ಲೆ ಎಂದರೆ ಪೆಟ್ಟು ಬೀಳುವುದು ಒಳಗಿರುವ ಹೆಣ್ಣುಮಗಳಿಗೆ. ಗರ್ಭಕ್ಕೆ 20 ವಾರ ಆಗುವವರೆಗೆ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ನಿಗದಿತ ವರ್ಗದವರಿಗೆ ಮಾತ್ರ ಅವಕಾಶ, ಅದಕ್ಕೂ ಇಬ್ಬರು ವೈದ್ಯರು ಬೇಕು. ನಾಲ್ಕು ದಿನದ ಎಳೆದಾಟದಲ್ಲಿ ಅವಳ ದಾರಿಯೇ ಮುಚ್ಚಿಹೋಗಬಹುದು.

ಕಾನೂನು ನೆರವಿನ ಅರ್ಜಿಯಲ್ಲಿ ರೋಗಿಯ ಹೆಸರು, ಊರು, ಕೇಸ್ ಶೀಟ್ ನಂಬರ್ ಬರೆಯಬೇಡಿ. ಗರ್ಭಪಾತ ಕಾಯ್ದೆಗೆ 2021ರ ತಿದ್ದುಪಡಿ ಸೇರಿಸಿದ 5ಎ ಕಲಂ ಪ್ರಕಾರ ವೈದ್ಯರು ಆಕೆಯ ಗುರುತು ಬಯಲು ಮಾಡಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಲಗತ್ತಿಸುವ ರೋಸ್ಟರ್ ನಕಲಿನಲ್ಲೂ ರೋಗಿಯ ವಿವರ ಇದ್ದರೆ ಮಸಿ ಬಳಿದೇ ಕೊಡಿ.