ಆಕಾಶ ಬೇಕೆಂದವರ ಮೈದಾನ: ಮಿನಿಯಾಪೊಲಿಸ್‌ನ ಟಾರ್ಗೆಟ್ ಫೀಲ್ಡ್

ಮಿನಿಯಾಪೊಲಿಸ್‌ನ ಬ್ಲೂ ಲೈನ್ ರೈಲನ್ನು ಮಾಲ್ ಆಫ್ ಅಮೆರಿಕದಲ್ಲಿ ಹತ್ತಿ ಕೊನೆಯ ನಿಲ್ದಾಣದವರೆಗೆ ಕುಳಿತರೆ, ಒಂದೇ ಬೇಸ್‌ಬಾಲ್ ತಂಡ ಬಾಳಿದ ಮೂರು ಮನೆಗಳನ್ನು ಸಾಲಾಗಿ ನೋಡಿದಂತಾಗುತ್ತದೆ. ಹತ್ತುವ ಜಾಗದಲ್ಲಿಯೇ, 1961ರಿಂದ 1981ರವರೆಗೆ ಮಿನೆಸೋಟ ಟ್ವಿನ್ಸ್ ಆಡಿದ ಮೆಟ್ರೊಪಾಲಿಟನ್ ಸ್ಟೇಡಿಯಂ ಇತ್ತು. ಮಾಲ್‌ನ ಒಳಗಿನ ಮಕ್ಕಳ ಆಟದ ಉದ್ಯಾನದಲ್ಲಿ ಅದರ ಹೋಮ್ ಪ್ಲೇಟ್, ಅಂದರೆ ಬ್ಯಾಟರ್ ನಿಂತು ಆಡುವ ಜಾಗದ ಫಲಕ, ಇದ್ದ ಸ್ಥಳವನ್ನು ನೆಲದಲ್ಲಿ ಗುರುತಿಸಿದ್ದಾರೆ. ದೂರದ ಗೋಡೆಯ ಮೇಲೆ, ಯಾರ ಕೈಗೂ ಎಟುಕದ ಎತ್ತರದಲ್ಲಿ, ಒಂಟಿ ಕೆಂಪು ಕುರ್ಚಿಯೊಂದನ್ನು ಬಿಗಿದಿದ್ದಾರೆ. 1967ರ ಜೂನ್‌ನಲ್ಲಿ ಟ್ವಿನ್ಸ್‌ನ ಹಾರ್ಮನ್ ಕಿಲ್ಲೆಬ್ರೂ ಹೊಡೆದ, ಸುಮಾರು 520 ಅಡಿ ಹಾರಿದ ಹೋಮ್ ರನ್ (ಕ್ರಿಕೆಟಿನ ಸಿಕ್ಸರ್‌ನಂಥ ಹೊಡೆತ) ಹೋಗಿ ಬಿದ್ದದ್ದು ಆ ಕುರ್ಚಿಯ ಬಳಿ. ರೈಲು ಪೇಟೆಯನ್ನು ಸಮೀಪಿಸಿದಾಗ ಯು.ಎಸ್. ಬ್ಯಾಂಕ್ ಸ್ಟೇಡಿಯಂ ನಿಲ್ದಾಣ ಬರುತ್ತದೆ. ಟ್ವಿನ್ಸ್ 1982ರಿಂದ 2009ರವರೆಗೆ ಚಾವಣಿಯ ಕೆಳಗೆ ಆಡಿದ ಮೆಟ್ರೋಡೋಮ್ ನಿಂತಿದ್ದು ಅದೇ ಜಾಗದಲ್ಲಿ. ಕೊನೆಯ ನಿಲ್ದಾಣದ ಹೆಸರೇ ಟಾರ್ಗೆಟ್ ಫೀಲ್ಡ್. ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಕ್ರೀಡಾಂಗಣದ ಬಾಗಿಲು.

2010ರ ಏಪ್ರಿಲ್ 12ರಂದು ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧದ ಗೆಲುವಿನೊಂದಿಗೆ ತನ್ನ ಮೊದಲ ಲೀಗ್ ಪಂದ್ಯವನ್ನು ಕಂಡ ಈ ಮೈದಾನದ ಕುರಿತು ಬರೆಯುವಾಗ, ಕುರ್ಚಿಗಳು ಎಷ್ಟು, ಪರದೆ ಎಷ್ಟು ದೊಡ್ಡದು ಎಂಬಲ್ಲಿಂದ ಆರಂಭಿಸುವುದು ನನಗೆ ಸರಿಕಾಣುವುದಿಲ್ಲ. ಇಲ್ಲಿನ ಅಭಿಮಾನಿಗಳು ಏನನ್ನು ಬಯಸಿದ್ದರು ಎಂಬುದು ತಿಳಿಯದಿದ್ದರೆ ಈ ಕಟ್ಟಡ ಅರ್ಥವಾಗುವುದಿಲ್ಲ, ಮತ್ತು ಆ ಬಯಕೆ ಮೆಟ್ರೋಡೋಮ್‌ನ ಒಳಗೆ ಒಮ್ಮೆಯಾದರೂ ಕುಳಿತವರಿಗೆ ಮಾತ್ರ ಪೂರ್ತಿ ತಿಳಿಯುವಂಥದ್ದು.

ನಾನು ಅಲ್ಲಿ ಕುಳಿತದ್ದು 2008ರ ಜುಲೈನ ಒಂದು ಶನಿವಾರ. ಹೊರಗೆ, ಆರು ತಿಂಗಳು ಹಿಮದಲ್ಲಿ ಹೂತಿರುವ ಊರು ವರ್ಷವಿಡೀ ಕಾಯುವಂಥ ಬಿಸಿಲು. ಒಳಗೆ ಟ್ಯೂಬ್‌ಲೈಟಿನ ಗೋದಾಮಿನಂಥ ಬೆಳಕು. ಟೆಫ್ಲಾನ್ ಲೇಪಿಸಿದ ಫೈಬರ್‌ಗ್ಲಾಸ್ ಬಟ್ಟೆಯ ಚಾವಣಿಯನ್ನು ಕಂಬಗಳಲ್ಲ, ಫ್ಯಾನುಗಳು ಒಳಗೆ ತುಂಬುತ್ತಿದ್ದ ಗಾಳಿಯೇ ಎತ್ತಿ ಹಿಡಿದಿತ್ತು. ಪಂದ್ಯ ಮುಗಿದು ಬಾಗಿಲು ತೆರೆದರೆ ಆ ಗಾಳಿಯ ಒತ್ತಡವೇ ಬೆನ್ನಿಗೆ ಕೈಯಿಟ್ಟು ನೂಕಿದಂತೆ ನಮ್ಮನ್ನು ಬೀದಿಗೆ ಎಸೆಯುತ್ತಿತ್ತು. ನನ್ನ ಟೋಪಿ ನನಗಿಂತ ಮೊದಲೇ ಪಾದಚಾರಿ ಮಾರ್ಗ ತಲುಪಿತ್ತು. ಬಿಳಿ ಚಾವಣಿಯ ಹಿನ್ನೆಲೆಯಲ್ಲಿ ಬಿಳಿ ಚೆಂಡು ಕಾಣದೆ ಫೀಲ್ಡರ್‌ಗಳು ಕೈ ಚಾಚಿ ಕಂಗಾಲಾಗಿ ನಿಲ್ಲುತ್ತಿದ್ದರು. 1984ರಲ್ಲಿ ಡೇವ್ ಕಿಂಗ್‌ಮನ್ ಹೊಡೆದ ಚೆಂಡು ಚಾವಣಿಯ ರಂಧ್ರದೊಳಗೆ ಹೊಕ್ಕು ಕೆಳಗೆ ಬರಲೇ ಇಲ್ಲ. ಅಂಪೈರುಗಳು ಕೊನೆಗೆ ಅದನ್ನು ಡಬಲ್ (ಬ್ಯಾಟರ್ ಎರಡನೆಯ ಬೇಸ್ ತಲುಪುವ ಹೊಡೆತ) ಎಂದು ಘೋಷಿಸಿದರು. ಬಲ ಔಟ್‌ಫೀಲ್ಡಿನ ಗೋಡೆ 23 ಅಡಿಯ ಪ್ಲಾಸ್ಟಿಕ್ ಹಾಳೆ. ಅದರ ಹಿಂದೆ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಿಗಾಗಿ ಮಡಚಿಟ್ಟ ಆಸನಗಳು ಇರುತ್ತಿದ್ದವು. ಅಲ್ಲಿಗೇ ಮೂಲ ದೋಷ ಸ್ಪಷ್ಟವಾಗುತ್ತದೆ: ಆ ಕಟ್ಟಡ ಫುಟ್‌ಬಾಲಿನ ಅಳತೆಗೆ ಹೊಲಿದ ಅಂಗಿ. ಎಷ್ಟೋ ಆಸನಗಳು ಮೈದಾನದ ನಡುವಿಗೆ ಮುಖ ಮಾಡಿದ್ದರಿಂದ, ಚೆಂಡೆಸೆಯುವ ಪಿಚರ್ ಮತ್ತು ಬ್ಯಾಟರ್ ನಡುವೆ ನಡೆಯುವ ನಿಜವಾದ ಆಟವನ್ನು ನೋಡಲು ಮೂರು ಗಂಟೆ ಕತ್ತು ಹೊರಳಿಸಿಕೊಂಡೇ ಕೂರಬೇಕಿತ್ತು. ಹಾಗೆಂದು ಆ ಜಾಗಕ್ಕೆ ಪ್ರೀತಿ ಇರಲಿಲ್ಲವೆಂದಲ್ಲ. 1987 ಮತ್ತು 1991ರ ವರ್ಲ್ಡ್ ಸೀರೀಸ್‌ಗಳನ್ನು, ಅಂದರೆ ಋತುವಿನ ಚಾಂಪಿಯನ್ನರನ್ನು ತೀರ್ಮಾನಿಸುವ ಸರಣಿಗಳನ್ನು, ಟ್ವಿನ್ಸ್ ಗೆದ್ದದ್ದು ಅಲ್ಲಿಯೇ, ಮತ್ತು ಆ ಎರಡೂ ಸರಣಿಗಳಲ್ಲಿ ಅಲ್ಲಿ ನಡೆದ ಒಂದು ಪಂದ್ಯವನ್ನೂ ಅವರು ಸೋಲಲಿಲ್ಲ.

ಹೀಗಾಗಿ ಹೊಸ ಕ್ರೀಡಾಂಗಣದ ಮಾತು ಬಂದಾಗ ಅಭಿಮಾನಿಗಳ ಕೋರಿಕೆ ದೊಡ್ಡದೇನೂ ಆಗಿರಲಿಲ್ಲ: ಮೇಲೆ ಆಕಾಶ, ಕೆಳಗೆ ನಿಜವಾದ ಹುಲ್ಲು, ಹೋಮ್ ಪ್ಲೇಟಿನ ಕಡೆಗೆ ತಿರುಗಿದ ಕುರ್ಚಿ, ಕುಳಿತಲ್ಲಿಂದ ತಮ್ಮ ಊರು ಕಾಣುವಂತಿರಬೇಕು. ಭಿನ್ನಾಭಿಪ್ರಾಯ ಇದ್ದದ್ದು ಒಂದೇ ವಿಷಯದಲ್ಲಿ. ಏಪ್ರಿಲ್‌ನಲ್ಲೂ ಹಿಮ ಬೀಳುವ ರಾಜ್ಯದಲ್ಲಿ ಬೇಕೆಂದಾಗ ಮುಚ್ಚುವ, ಬೇಡವೆಂದಾಗ ಸರಿಯುವ ಚಾವಣಿಯಾದರೂ ಬೇಕು ಎಂದು ಹಲವರು ವಾದಿಸಿದರು. ಇನ್ನೂರು ಮೈಲಿ ದೂರದಿಂದ ಕಾರು ಓಡಿಸಿಕೊಂಡು ಬರುವ ಕುಟುಂಬಕ್ಕೆ ಪಂದ್ಯ ನಡೆಯುತ್ತದೆಂಬ ಖಾತರಿ ಬೇಡವೇ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿತ್ತು. ಅಂಥ ಚಾವಣಿಗೆ ಹೆಚ್ಚುವರಿಯಾಗಿ ನೂರು ಮಿಲಿಯನ್ ಡಾಲರ್‌ಗೂ ಮಿಕ್ಕಿ ಬೇಕಾಗುತ್ತಿತ್ತು, ಮತ್ತು ಅದನ್ನು ಕೊಡಲು ಯಾರೂ ಮುಂದೆ ಬರಲಿಲ್ಲ. 2006ರ ಕಾನೂನಿನಂತೆ ಹೆನೆಪಿನ್ ಕೌಂಟಿಯಲ್ಲಿ ಮಾರಾಟ ತೆರಿಗೆಯನ್ನು ಶೇ. 0.15ರಷ್ಟು, ಅಂದರೆ ನೂರು ಡಾಲರ್ ಖರೀದಿಗೆ 15 ಸೆಂಟ್‌ಗಳಷ್ಟು, ಏರಿಸಿ, ಅದರಿಂದ ಕೌಂಟಿಯ ಪಾಲಿನ 350 ಮಿಲಿಯನ್ ಡಾಲರ್‌ಗಳನ್ನು ಹೊಂದಿಸಲಾಯಿತು; ಉಳಿದದ್ದು ಮುಖ್ಯವಾಗಿ ತಂಡದ ಹೊಣೆ. ಈ ತೆರಿಗೆಯನ್ನು ಜನಮತಕ್ಕೆ ಹಾಕಲಿಲ್ಲವೆಂಬ ಅಸಮಾಧಾನ ಇನ್ನೂ ಕೆಲವರಲ್ಲಿ ಉಳಿದಿದೆ, ಮತ್ತು ಬೇಸ್‌ಬಾಲ್ ನೋಡದ ನೆರೆಯವನ ಜೇಬಿನಿಂದಲೂ ಹಣ ಹೋಗಿರುವಾಗ ಆ ಅಸಮಾಧಾನವನ್ನು ತಳ್ಳಿಹಾಕುವುದು ನ್ಯಾಯವಲ್ಲ. 2007ರ ಆಗಸ್ಟ್ 2ರಂದು ನಡೆಯಬೇಕಿದ್ದ ಭೂಮಿಪೂಜೆಯಂಥ ಸಮಾರಂಭವೂ, ಹಿಂದಿನ ಸಂಜೆ ಮಿಸಿಸಿಪ್ಪಿ ನದಿಯ ಮೇಲಿನ ಹೆದ್ದಾರಿ ಸೇತುವೆ ಕುಸಿದಿದ್ದರಿಂದ, ಮುಂದಕ್ಕೆ ಹೋಯಿತು.

ಸಿಕ್ಕ ಜಾಗ ಸುಮಾರು ಎಂಟು ಎಕರೆ. ಒಂದು ಬದಿಗೆ ರೈಲು ಹಳಿ, ಇನ್ನೊಂದು ಬದಿಗೆ ಹೆದ್ದಾರಿ, ಮಗ್ಗುಲಲ್ಲಿ ನಗರದ ಕಸವನ್ನು ಸುಟ್ಟು ವಿದ್ಯುತ್ ತೆಗೆಯುವ ಘಟಕ. ಇಂಥ ಇಕ್ಕಟ್ಟಿನಲ್ಲಿ ಕಟ್ಟಬೇಕಾದ ಅನಿವಾರ್ಯತೆಯೇ ಈ ವಿನ್ಯಾಸಕ್ಕೆ ವರವಾಯಿತೆಂಬುದು ನನ್ನ ಅಭಿಪ್ರಾಯ. ಅಗಲಕ್ಕೆ ಹರಡಲು ಜಾಗವಿಲ್ಲದ್ದರಿಂದ ಆಸನದ ಅಂತಸ್ತುಗಳು ಒಂದರ ಮೇಲೊಂದು ಮುಂದಕ್ಕೆ ಚಾಚಿಕೊಂಡವು, ಪ್ರೇಕ್ಷಕ ಆಟಕ್ಕೆ ಹತ್ತಿರವಾದ. ಆರಂಭದಲ್ಲಿ 39,504 ಆಸನಗಳಿದ್ದವು. ಮೆಟ್ರೋಡೋಮ್‌ಗೆ ಹೋಲಿಸಿದರೆ ಬಹಳ ಕಡಿಮೆ, ಆದರೆ ಕತ್ತು ಹೊರಳಿಸಬೇಕಾದ ಕುರ್ಚಿ ನನಗಿಲ್ಲಿ ಸಿಕ್ಕಿಲ್ಲ. ಪೇಟೆಯ ಕಡೆಗಿನ ಅಂಗಳವನ್ನು ಹೆದ್ದಾರಿಯ ರಾಂಪ್‌ಗಳ ಮೇಲೆಯೇ ಸೇತುವೆಯಂತೆ ಹಾಸಿರುವುದರಿಂದ, ಕಚೇರಿ ಮುಗಿಸಿದವರು ಕಾಲ್ನಡಿಗೆಯಲ್ಲಿಯೇ ಬಂದು ಒಳಸೇರುತ್ತಾರೆ. ಕಿಲ್ಲೆಬ್ರೂವಿನ ಆ ಹೊಡೆತದ ದೂರವನ್ನು ಇಲ್ಲಿನ ಹೋಮ್ ಪ್ಲೇಟಿನಿಂದ ಅಳೆದು, ಆ ಅಂತರದಲ್ಲಿ ಬಂಗಾರ ಬಣ್ಣದ ದೊಡ್ಡ ಗ್ಲೌಸ್‌ನ ಶಿಲ್ಪವೊಂದನ್ನು ಇಟ್ಟಿದ್ದಾರೆ. ಮಕ್ಕಳು ಅದರೊಳಗೆ ಹತ್ತಿ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಾಲ್‌ನ ಕೆಂಪು ಕುರ್ಚಿಯನ್ನು ನೋಡಿಬಂದವರಿಗೆ ಮಾತ್ರ ಅಲ್ಲಿಂದ ಹೋಮ್ ಪ್ಲೇಟಿನತ್ತ ಇನ್ನೊಮ್ಮೆ ತಿರುಗಿ ನೋಡಬೇಕೆನಿಸುತ್ತದೆ.

ಹೊರಗೋಡೆಗಳಿಗೆ ಬಳಸಿರುವುದು ಇದೇ ರಾಜ್ಯದ ಮ್ಯಾಂಕೇಟೊ ಸುತ್ತಿನ ಗಣಿಗಳ ಸುಣ್ಣದಕಲ್ಲು. ಆ ಕಾಲದ ಬಹುತೇಕ ಹೊಸ ಬೇಸ್‌ಬಾಲ್ ಮೈದಾನಗಳು, 1992ರಲ್ಲಿ ಬಾಲ್ಟಿಮೋರ್‌ನ ಕ್ಯಾಮ್ಡನ್ ಯಾರ್ಡ್ಸ್ ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ಹಿಡಿದು, ಕೆಂಪು ಇಟ್ಟಿಗೆಯ ಹಳೆಯ ಕಾಲದ ವೇಷ ತೊಟ್ಟಿದ್ದವು. ಇಲ್ಲಿನ ವಿನ್ಯಾಸಕಾರರು ಆ ಜಾಡು ಬಿಟ್ಟು ತಮ್ಮ ನೆಲದ ಕಲ್ಲನ್ನು ಆರಿಸಿದ್ದು ಮೆಚ್ಚತಕ್ಕದ್ದು. ಸಂಜೆ ಏಳರ ಬಿಸಿಲು ಬಿದ್ದಾಗ ಅದು ಹದವಾಗಿ ಹುರಿದ ರವೆಯ ಬಣ್ಣಕ್ಕೆ ತಿರುಗುತ್ತದೆ. ಹತ್ತಿರ ಹೋಗಿ ಕೈಯಾಡಿಸಿದರೆ ಕೆಲವು ಕಲ್ಲುಗಳು ನಯ, ಕೆಲವು ಗಣಿಯಿಂದ ಸೀಳಿದಂತೆಯೇ ಒರಟು.

ದ್ವಾರಗಳಿಗೆ ಹೆಸರಾಂತ ಆಟಗಾರರ ಅಂಗಿಯ ಸಂಖ್ಯೆಗಳನ್ನೇ ಇಟ್ಟಿದ್ದಾರೆ: 3 ಕಿಲ್ಲೆಬ್ರೂ, 6 ಟೋನಿ ಒಲಿವಾ, 14 ಕೆಂಟ್ ಹರ್ಬೆಕ್, 29 ರಾಡ್ ಕರೂ, 34 ಕರ್ಬಿ ಪಕೆಟ್. ಮೊದಲ ಸಲ ಬಂದವರಿಗೆ ಮೂರನೆಯ ದ್ವಾರದ ನಂತರ ಆರನೆಯದು ಏಕೆಂದು ತಿಳಿಯದೆ ಗೊಂದಲವಾಗುವುದು ಸಹಜ. ಎರಡನೆಯ ಸಲಕ್ಕೆ ಅದೇ ಗುರುತಾಗಿ, ‘ಮೂವತ್ನಾಲ್ಕರ ಹತ್ತಿರ ಸಿಗೋಣ’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಮಧ್ಯ ಔಟ್‌ಫೀಲ್ಡಿನ ಮೇಲೆ ತಂಡದ ಹಳೆಯ ಲಾಂಛನದ ಮಿನ್ನಿ ಮತ್ತು ಪಾಲ್ ನಿಂತಿದ್ದಾರೆ, ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳ ಪ್ರತಿನಿಧಿಗಳಾಗಿ; ಟ್ವಿನ್ಸ್ ಆಟಗಾರ ಹೋಮ್ ರನ್ ಹೊಡೆದಾಗ ದೀಪಗಳು ಮಿನುಗಿ, ನದಿಯ ಆಚೀಚೆ ನಿಂತ ಇಬ್ಬರೂ ಕೈಕುಲುಕುತ್ತಾರೆ. ಬಲ ಔಟ್‌ಫೀಲ್ಡಿನ ಗೋಡೆಯನ್ನು ಇಲ್ಲಿಯೂ 23 ಅಡಿಗೇ ಎಬ್ಬಿಸಿದ್ದಾರೆ, ಪ್ಲಾಸ್ಟಿಕ್ ಮಾತ್ರ ಇಲ್ಲ.

ಎಲ್ಲ ಬಯಕೆಗಳೂ ಕೈಗೂಡಲಿಲ್ಲ. ಬ್ಯಾಟರ್‌ನ ಕಣ್ಣಿಗೆ ನೇರ ಎದುರಾಗುವ ಜಾಗದಲ್ಲಿ, ನಮ್ಮ ಕ್ರಿಕೆಟಿನಲ್ಲಿ ಸೈಟ್‌ಸ್ಕ್ರೀನ್ ಇಡುವಂಥ ಕಡೆ, ಉತ್ತರ ಮಿನೆಸೋಟದ ಕಾಡಿನ ನೆನಪಿಗೆಂದು 14 ಸ್ಪ್ರೂಸ್ ಮರಗಳನ್ನು ನೆಟ್ಟಿದ್ದರು. ನೋಡಲು ಬಹಳ ಚೆಂದವಿತ್ತು. ಆದರೆ ಗಾಳಿಗೆ ಅಲುಗುವ, ನೆರಳು ಚೆಲ್ಲುವ ಮರಗಳ ಹಿನ್ನೆಲೆಯಲ್ಲಿ ಚೆಂಡು ಸರಿಯಾಗಿ ಕಾಣುವುದಿಲ್ಲವೆಂದು ತಂಡದ ಬ್ಯಾಟರ್‌ಗಳೇ ದೂರಿದ್ದರಿಂದ, ಮೊದಲ ಋತು ಮುಗಿಯುತ್ತಲೇ ಅವನ್ನು ತೆಗೆದುಹಾಕಿದರು. ಪ್ರೇಕ್ಷಕನ ಕಣ್ಣಿಗೆ ಹಬ್ಬವಾದದ್ದು ಆಟಗಾರನ ಕಣ್ಣಿಗೆ ಮುಳ್ಳಾದಾಗ ಯಾರ ಮಾತು ನಡೆಯಬೇಕೆಂಬುದರಲ್ಲಿ ಅನುಮಾನವಿಲ್ಲ. ಆದರೂ 2019ರಲ್ಲಿ ಗಿಡಗಳ ಹಸಿರು ಗೋಡೆ ಬರುವವರೆಗೆ ಅಲ್ಲಿದ್ದ ಬೋಳು ಕಪ್ಪು ಗೋಡೆಯನ್ನು ಕಂಡಾಗಲೆಲ್ಲ ನನಗೆ ಸ್ವಲ್ಪ ಬೇಸರವೇ ಆಗುತ್ತಿತ್ತು.

ಇನ್ನು ಚಳಿಯ ವಿಚಾರ. ಏಪ್ರಿಲ್‌ನ ಸಂಜೆ ಇಲ್ಲಿ ಪಂದ್ಯ ನೋಡುವುದು ಮನರಂಜನೆಗಿಂತ ವ್ರತಕ್ಕೆ ಹತ್ತಿರ. ಐದನೆಯ ಇನ್ನಿಂಗ್ಸಿನ ಹೊತ್ತಿಗೆ ನನ್ನ ಕಾಫಿಯ ಲೋಟ ತಣ್ಣಗಾಗಿ, ಅದನ್ನು ಹಿಡಿದ ಬೆರಳುಗಳು ಅದಕ್ಕಿಂತ ತಣ್ಣಗಾಗಿದ್ದವು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸ್ಲೀಪಿಂಗ್ ಬ್ಯಾಗಿನೊಳಗೆ ಸೊಂಟದವರೆಗೆ ಇಳಿದು ಕುಳಿತು ಪೆನ್ಸಿಲಿನಿಂದ ಸ್ಕೋರ್ ಬರೆಯುತ್ತಿದ್ದರು. ಇದನ್ನು ಮೊದಲೇ ಊಹಿಸಿದ್ದ ವಿನ್ಯಾಸಕಾರರು ಹುಲ್ಲಿನ ಕೆಳಗೆ ಬಿಸಿ ಕೊಳವೆಗಳನ್ನು ಹಾಸಿದ್ದಾರೆ, ಓಡಾಡುವ ಮೊಗಸಾಲೆಗಳಲ್ಲಿ ಹೀಟರ್‌ಗಳನ್ನು ಅಳವಡಿಸಿದ್ದಾರೆ, ಮತ್ತು ಮಗ್ಗುಲಿನ ಕಸ ಸುಡುವ ಘಟಕದ ಉಗಿಯನ್ನೇ ಕಾವಿಗೆ ಬಳಸುತ್ತಾರೆ. ಮೇಲಂತಸ್ತಿನ ತುದಿಯಲ್ಲಿ ಚಾಚಿಕೊಂಡ ಲೋಹದ ಸೂರು ಹಿಂದಿನ ಸಾಲುಗಳಿಗೆ ತಕ್ಕಮಟ್ಟಿನ ಆಸರೆ ಕೊಡುತ್ತದೆ. ಮುಖ್ಯ ಮೊಗಸಾಲೆ ಮೈದಾನದ ಕಡೆಗೆ ತೆರೆದಿರುವುದರಿಂದ, ಹೀಟರ್ ಕೆಳಗೆ ಮೈ ಕಾಯಿಸುತ್ತ ನಿಂತವರಿಗೂ, ತಿಂಡಿಯ ಸಾಲಿನಲ್ಲಿರುವವರಿಗೂ ಆಟ ತಪ್ಪುವುದಿಲ್ಲ. ಇಡೀ ಕಟ್ಟಡದಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ ವ್ಯವಸ್ಥೆ ಅದು.

ಊಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮಾಂಸಾಹಾರಿಗಳಿಗೆ ಸಾಸೇಜ್, ಕ್ಯೂಬನ್ ಸ್ಯಾಂಡ್‌ವಿಚ್ ಇತ್ಯಾದಿ ಸ್ಥಳೀಯ ಹೆಸರಿನವು ಧಾರಾಳವಾಗಿವೆ. ಸಸ್ಯಾಹಾರಿ ಕನ್ನಡಿಗರು ಮನೆಯಲ್ಲೇ ಉಂಡು ಬಂದು, ಇಲ್ಲಿ ಕಡಲೆಕಾಯಿ ಸುಲಿಯುತ್ತ ಕೂರುವುದು ಕ್ಷೇಮ.

ತೀರ್ಥಹಳ್ಳಿಯಿಂದ ಬಂದಿದ್ದ ನನ್ನ ತಂದೆಯವರನ್ನು ಒಂದು ಜುಲೈ ಸಂಜೆ ಕರೆದೊಯ್ದಿದ್ದೆ. ಎಪ್ಪತ್ತು ಮಳೆಗಾಲ ಕಂಡವರು; ಮೂರನೆಯ ಇನ್ನಿಂಗ್ಸಿನಲ್ಲಿ ಪಶ್ಚಿಮದ ಮೋಡ ಕಪ್ಪಾದದ್ದನ್ನು ನನಗಿಂತ ಮೊದಲು ಗಮನಿಸಿದರು. ಆಟ ನಿಂತಿತು, ಸಿಬ್ಬಂದಿ ದೊಡ್ಡ ಟಾರ್ಪಾಲನ್ನು ಎಳೆದು ತಂದು ಮೈದಾನದ ನಡುಭಾಗಕ್ಕೆ ಹೊದಿಸಿದರು, ನಾವು ಸೂರಿನ ಕೆಳಗೆ ಸರಿದೆವು.

“ಇಷ್ಟು ದುಡ್ಡು ಸುರಿದೋರಿಗೆ ಮೇಲೊಂದು ಮಾಡು ಹಾಕ್ಸೋಕೆ ಆಗ್ಲಿಲ್ವೇನೋ?” ಎಂದರು.

“ಮಾಡು ಇದ್ದ ಜಾಗ ಬೇಡ ಅಂತಾನೇ ಇಲ್ಲಿಗೆ ಬಂದಿದ್ದು ಅಪ್ಪಾ” ಎಂದೆ.

ಅವರಿಗೆ ಆ ಉತ್ತರ ಒಪ್ಪಿತವಾಗಲಿಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಅಳವಡಿಸಿದ, ನೆಲದಡಿಯಿಂದಲೇ ನೀರನ್ನು ಹೀರಿ ಹೊರಹಾಕುವ ವ್ಯವಸ್ಥೆಯನ್ನು ನೆನೆದು, ಇಲ್ಲಿಯೂ ಅದೇ ಸಾಕಲ್ಲವೇ ಎಂದು ಕೇಳಿದರು. ಕ್ರಿಕೆಟಿಗೂ ಬೇಸ್‌ಬಾಲಿಗೂ ಮಳೆಯೇ ಸಮಾನ ಶತ್ರುವಾಗಿರುವಾಗ ಆ ಹೋಲಿಕೆ ತಪ್ಪೇನಲ್ಲ. ಇಲ್ಲಿ ಬಿದ್ದ ಮಳೆನೀರನ್ನು ಹಿಡಿದು, ಶುದ್ಧೀಕರಿಸಿ, ಪಂದ್ಯದ ನಂತರ ಕೆಳಸಾಲಿನ ಆಸನಗಳನ್ನು ತೊಳೆಯಲು ಬಳಸುತ್ತಾರೆಂದು ತಿಳಿಸಿದಾಗ ಮಾತ್ರ ಅವರ ಮುಖ ಅರಳಿತು. ಮುಕ್ಕಾಲು ಗಂಟೆಯ ನಂತರ ಮೋಡ ಸರಿದು, ಪೇಟೆಯ ಗಾಜಿನ ಗೋಪುರಗಳ ಮೇಲೆ ಬಿಸಿಲು ಬಿದ್ದಾಗ, ಟಾರ್ಪಾಲ್ ಎಳೆಯುವವರಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೆಟ್ರೋಡೋಮ್‌ನಲ್ಲಿ ಮಳೆಯಿಂದ ಆಟ ಕೆಡುತ್ತಿರಲಿಲ್ಲ, ನಿಜ. ಇಂಥ ಚಪ್ಪಾಳೆಗೂ ಅಲ್ಲಿ ಎಡೆಯಿರಲಿಲ್ಲ. ಅಂದಹಾಗೆ, ಟ್ವಿನ್ಸ್ ಅಲ್ಲಿಂದ ಹೊರಬಿದ್ದ ಮರುವರ್ಷದ ಡಿಸೆಂಬರ್‌ನಲ್ಲಿ ಹಿಮದ ಭಾರ ತಾಳಲಾರದೆ ಆ ಗಾಳಿಚಾವಣಿ ಹರಿದು ಕುಸಿಯಿತು.

ತೆರೆದ ಆಕಾಶವೇ ಎಲ್ಲ ಊರಿಗೂ ಸರಿ ಎಂದು ನಾನು ವಾದಿಸುವುದಿಲ್ಲ. ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ 1994ರಲ್ಲಿ ಕಟ್ಟಿದ ತೆರೆದ ಮೈದಾನದ ಬೇಸಿಗೆಯ ಧಗೆಗೆ ಬೇಸತ್ತು, 2020ರಲ್ಲಿ ಸರಿಯುವ ಚಾವಣಿಯ ಹೊಸದನ್ನು ತೆರೆದರು. ಓಕ್‌ಲ್ಯಾಂಡ್ ಬಿಟ್ಟ ಅಥ್ಲೆಟಿಕ್ಸ್ ತಂಡಕ್ಕಾಗಿ ಲಾಸ್ ವೇಗಸ್‌ನಲ್ಲಿ ಸುಮಾರು 33,000 ಆಸನಗಳ ಕ್ರೀಡಾಂಗಣವನ್ನು 2028ಕ್ಕೆಂದು ಯೋಜಿಸಿರುವುದೂ ಮುಚ್ಚಿದ ಚಾವಣಿಯದೇ, ಮರುಭೂಮಿಯ ಜುಲೈಗೆ ಬೇರೆ ದಾರಿಯಿಲ್ಲ. ಅಲ್ಲಿನ ನಕ್ಷೆಗಳಲ್ಲಿರುವ ದೊಡ್ಡ ಗಾಜಿನ ಗೋಡೆಯಿಂದ ಬೆಳಕು ಮತ್ತು ಊರು ಎರಡೂ ಒಳಗೆ ಕಾಣುವಂತಾದರೆ, ಮೆಟ್ರೋಡೋಮ್‌ನಲ್ಲಿ ಕಳೆದುಕೊಂಡದ್ದರಲ್ಲಿ ಅರ್ಧವಾದರೂ ಆ ಪ್ರೇಕ್ಷಕರಿಗೆ ದಕ್ಕೀತು. ನಮ್ಮ ಮಿನಿಯಾಪೊಲಿಸ್‌ನವರಿಗೆ ಬೇಸಿಗೆಯೆಂಬುದೇ ನಾಲ್ಕು ತಿಂಗಳ ಅತಿಥಿ. ಆ ಅತಿಥಿ ಬಂದಾಗ ಮನೆಯ ಬಾಗಿಲು ಹಾಕಿಕೊಂಡು ಕೂತದ್ದೇ ಅವರ ಕೊರಗಾಗಿತ್ತು.

ಹೋಗುವವರಿಗೆ ಒಂದೆರಡು ಸಲಹೆ. ಮೂರನೆಯ ಬೇಸ್ ಕಡೆಯ ಮೇಲಂತಸ್ತಿನಲ್ಲಿ ಟಿಕೆಟ್ ತೆಗೆದುಕೊಳ್ಳಿ. ಬಲ ಔಟ್‌ಫೀಲ್ಡಿನ ಆಚೆ ಇಡೀ ಪೇಟೆ ಎದ್ದು ನಿಂತಿರುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ, ಮತ್ತು ಏಪ್ರಿಲ್‌ನ ಹಗಲಿನ ಪಂದ್ಯಗಳಲ್ಲಿ ದಕ್ಷಿಣದ ಬಿಸಿಲು ಬೀಳುವುದೂ ಆ ಕಡೆಗೇ. ಕಾರು ಬೇಡ, ರೈಲೇ ಸಾಕು. ಜೂನ್ ಆದರೂ ಸ್ವೆಟರ್ ಮರೆಯಬೇಡಿ. ಆ ಸಂಜೆ ನಾನು ಮರೆತಿದ್ದೆ. ತಂದೆಯವರು ಊರಿನಿಂದ ತಂದ ಶಾಲನ್ನು ಎಂಟನೆಯ ಇನ್ನಿಂಗ್ಸಿನಲ್ಲಿ ಅರ್ಧ ನನ್ನ ಹೆಗಲಿಗೂ ಹೊದಿಸಿ, ಕಣ್ಣನ್ನು ಮೈದಾನದಿಂದ ತೆಗೆಯದೆ, ‘ಈಗ ಎಷ್ಟು ಔಟ್?’ ಎಂದು ಕೇಳಿದರು.