ಮಾಡು ಬಿಚ್ಚಿ ಹೊದಿಸುವ ಸೇವೆ: ಯಾವ ಕಾಲಕ್ಕೆ ಎಷ್ಟು ಅಂಕ

ಹಳೆ ಮಾಡು, ಅಂದರೆ ಮನೆಯ ಮೇಲ್ಛಾವಣಿ ಬಿಚ್ಚಿ, ಮರದ ರಿಪೇರಿ ಮುಗಿಸಿ, ಹೊಸ ಹೊದಿಕೆ ಹಾಕಿಕೊಡುವ ಗುತ್ತಿಗೆಯನ್ನು ಜನ ಮೇಸ್ತ್ರಿಯ ಹೆಸರಿನ ಮೇಲೆ ಅಳೆಯುತ್ತಾರೆ. ಆದರೆ ಅದೇ ಮೇಸ್ತ್ರಿ, ಅದೇ ಆಳುಗಳು, ಅದೇ ಶೀಟು ಇದ್ದರೂ ಕೆಲಸ ಮಾಡಿದ ತಿಂಗಳು ಬೇರೆಯಾದರೆ ಮಾಡೂ ಬೇರೆಯಾಗುತ್ತದೆ. ಹಾಗಾಗಿ ಇಲ್ಲಿ ಅಂಕ ಕೊಟ್ಟಿರುವುದು ಕಾಲಕ್ಕೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮಳೆ ನಿಂತು ಮರ ಒಣಗಿದ ಮೇಲೆ, ಬಿಸಿಲು ಏರುವ ಮುಂಚೆ ಸಿಗುವ ಅವಧಿಗೆ 10ರಲ್ಲಿ 9. ಮಳೆಗೆ ಇನ್ನೊಂದೇ ತಿಂಗಳಿದೆ ಎನ್ನುವಾಗ ಓಡಿಹೋಗಿ ಕರೆಸಿದ ಕೆಲಸಕ್ಕೆ 4. ದುರದೃಷ್ಟಕ್ಕೆ ಎಲ್ಲರಿಗೂ ಮಾಡಿನ ನೆನಪಾಗುವುದು ಆ ತಿಂಗಳಲ್ಲೇ.

ಆ ಕೊನೆಯ ತಿಂಗಳಿಗೆ ಅಷ್ಟು ಕಡಿಮೆ ಅಂಕ ಯಾಕೆ? ಹವಾಮಾನ ಕೆಟ್ಟದ್ದೆಂದಲ್ಲ, ನೆಲ ಒಣಗಿರುತ್ತದೆ, ಹಗಲು ಉದ್ದವಿರುತ್ತದೆ. ಕೆಡುವುದು ಕೆಲಸದ ಕ್ರಮ. ಒಂದೇ ತಂಡ ಎರಡು ಮೂರು ಮನೆ ಒಪ್ಪಿಕೊಂಡಿರುತ್ತದೆ. ನಿಮ್ಮ ಮನೆಯ ಹಂಚು ಇಳಿಸಿ, ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪು ಅರ್ಧ ಹೊಡೆದು, ಇನ್ನೊಂದು ಮನೆಗೆ ಹೋಗಿರುತ್ತಾರೆ. ಅಳತೆ ಕೊಟ್ಟು ಮಾಡಿಸಿದ ಶೀಟು ಬಂದಿದ್ದರೂ ನೆತ್ತಿಯ ಮೇಲೆ ಕೂರುವ ರಿಡ್ಜ್ ಬಂದಿರುವುದಿಲ್ಲ. ಕೊನೆಗೆ ಬೇಕಾಗುವ ಸಾಮಾನೇ ಕೊನೆಗೆ ಬರುವುದು ಈ ವ್ಯಾಪಾರದ ಹಳೆಯ ಚಾಳಿ. ಅಷ್ಟರಲ್ಲಿ ಒಂದು ಅಡ್ಡಮಳೆ ಹೊಡೆದರೆ ಗೋಡೆಯ ಗಾರೆ, ವೈರಿಂಗು, ಹಾಸಿಗೆ ಎಲ್ಲ ಒಟ್ಟಿಗೆ ನೆನೆಯುತ್ತವೆ. ಆ ಕಾಲದಲ್ಲೇ ಮಾಡಿಸಬೇಕಾದ ಅನಿವಾರ್ಯ ಬಂದರೆ ಒಂದು ಷರತ್ತನ್ನು ಬರವಣಿಗೆಯಲ್ಲೇ ಹಾಕಿಸಿ: ರಿಡ್ಜ್, ಗೋಡೆಗೆ ತಾಗುವಲ್ಲಿ ನೀರು ತಡೆಯುವ ಫ್ಲಾಶಿಂಗ್ ಪಟ್ಟಿ, ಸ್ಕ್ರೂ, ವಾಷರ್ ಸಮೇತ ಎಲ್ಲ ಸಾಮಾನು ಅಂಗಳಕ್ಕೆ ಬಂದು ಎಣಿಕೆಯಾಗುವ ತನಕ ಒಂದು ಹಂಚನ್ನೂ ಎತ್ತಬಾರದು. ಬೆಳಿಗ್ಗೆ ಎಷ್ಟು ಬಿಚ್ಚುತ್ತಾರೋ ಸಂಜೆಗೆ ಅಷ್ಟನ್ನೂ ಮುಚ್ಚಿಯೇ ಇಳಿಯಬೇಕು.

ಮುಚ್ಚುವುದು ಎಂದರೆ ಟಾರ್ಪಾಲು ಎಸೆದು ನಾಲ್ಕು ಕಲ್ಲು ಇಡುವುದಲ್ಲ. ಗಾಳಿ ಬಂದರೆ ಆ ಕಲ್ಲುಗಳೇ ಉರುಳಿ ಕೆಳಗಿನ ಹಂಚು ಒಡೆಯುತ್ತವೆ. ಟಾರ್ಪಾಲು ನೆತ್ತಿ ದಾಟಿ ಆಚೆ ಬದಿಗೆ ಕನಿಷ್ಠ 1 ಮೀಟರ್ ಇಳಿಯಬೇಕು. ಅದರ ಅಂಚನ್ನು ಒಂದು ರೀಪಿಗೆ ಎರಡು ಸುತ್ತು ಸುತ್ತಿ, ಆ ರೀಪನ್ನು ಪಕ್ಕಾಸಿಗೆ (ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಬರುವ ಮರಕ್ಕೆ) ಸ್ಕ್ರೂ ಹಾಕಿ ಬಿಗಿಯಬೇಕು. ನಡುವೆ ಎಲ್ಲೂ ಜೋಲು ಬೀಳಬಾರದು. 1 ಚದರ ಮೀಟರ್ ಜಾಗದಲ್ಲಿ 5 ಸೆಂಟಿಮೀಟರ್ ನೀರು ನಿಂತರೂ 50 ಕಿಲೋ ಭಾರ. ಬಿಚ್ಚಿಟ್ಟ ಪಕ್ಕಾಸಿನ ಮೇಲೆ ಅಂಥ ಎರಡು ಹೊಂಡವಾದರೆ ರಾತ್ರಿಯೇ ಏನಾದರೂ ಮುರಿದೀತು.

ಮಳೆಗಾಲದಲ್ಲಿ ಮಾಡು ಬಿಚ್ಚಿಸುವುದಕ್ಕೆ 1 ಅಂಕ, ಅದೂ ಮರ ಬಿದ್ದು ಮಾಡು ಒಡೆದಂಥ ತುರ್ತಿಗೆ. ಆದರೆ ಮಾಡಿನ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ, ಅದನ್ನು ಉಪಯೋಗಿಸಿಕೊಳ್ಳುವವರು ಕಡಿಮೆ. ಜೋರು ಮಳೆ ಬಂದಾಗ ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ, ಒದ್ದೆಯಾದ ಪಕ್ಕಾಸಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಹನಿ ಬೀಳುವ ಜಾಗವೇ ತೂತಿನ ಜಾಗವಲ್ಲ. ನೀರು ಪಕ್ಕಾಸಿನ ಕೆಳಮೈ ಹಿಡಿದು ಇಳಿದು, ಗಂಟೋ ರೀಪೋ ಅಡ್ಡ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಹಾಗಾಗಿ ಒದ್ದೆಯ ಜಾಡು ಹಿಡಿದು ಮೇಲಕ್ಕೆ ಹೋಗಬೇಕು. ಪಕ್ಕಾಸಿನ ತುದಿ ಗೋಡೆಯ ಮೇಲೆ ಕೂರುವಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಮರಕ್ಕೆ ಅದು ಇಳಿಯುವುದಿಲ್ಲ, ಕೊಳೆತದ್ದಕ್ಕೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಈ ಗುರುತುಗಳ ಫೋಟೋ ಇದ್ದರೆ ಎಷ್ಟು ಪಕ್ಕಾಸು ಬದಲಿಸಬೇಕೆಂದು ಕೆಲಸಕ್ಕೆ ಮುಂಚೆಯೇ ಲೆಕ್ಕ ಸಿಗುತ್ತದೆ. ಒಣ ಕಾಲದಲ್ಲಿ ಬಂದು ನೋಡುವ ಕಂಟ್ರಾಕ್ಟರಿಗೆ ಇದ್ಯಾವುದೂ ಕಾಣುವುದಿಲ್ಲ. ಬಿಚ್ಚಿದ ಮೇಲೆ ‘ಇಷ್ಟು ಮರ ಹೋಗಿದೆ’ ಎಂಬ ಹೊಸ ಬಿಲ್ಲು ಹುಟ್ಟುವುದೇ ಇದರಿಂದ.

ಇನ್ನು 9 ಅಂಕದ ಕಾಲ. ಮಳೆ ನಿಂತ ವಾರವೇ ಶುರು ಮಾಡಿದರೆ ಅದೂ ತಪ್ಪು. ತಿಂಗಳುಗಟ್ಟಲೆ ತೇವ ಕುಡಿದ ಮರ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗೇ ಇರುತ್ತದೆ. ದಿನ ಎಣಿಸುವುದಕ್ಕಿಂತ ತೇವಾಂಶ ಅಳೆಯುವ ಮೀಟರ್ ಚುಚ್ಚಿ ನೋಡುವುದು ಸರಿ. ಶೇ. 18ಕ್ಕಿಂತ ಕೆಳಗಿದ್ದರೆ ಕೆಲಸ ಶುರು ಮಾಡಬಹುದು. ಶೇ. 20 ದಾಟಿದ ಮರವನ್ನು ಗಾಳಿಯಾಡದಂತೆ ಮುಚ್ಚಿದರೆ ಬೂಸ್ಟಿಗೆ ಮನೆ ಕಟ್ಟಿಕೊಟ್ಟಂತೆ. ಹೊಸ ರೀಪಿಗೂ ಇದೇ ಅಳತೆ. ಹಸಿ ರೀಪಿಗೆ ಹೊಡೆದ ಮೊಳೆ ಮೊದಲ ದಿನ ಬಿಗಿಯಾಗಿರುತ್ತದೆ, ಮರ ಒಣಗಿ ಕುಗ್ಗಿದಾಗ ತಲೆ ಎತ್ತುತ್ತದೆ. ಆ ತಲೆಯ ಮೇಲೆ ಕೂತ ಹಂಚು ಅಲ್ಲಾಡುತ್ತದೆ, ಅದರ ಕೊಂಡಿ ಪಕ್ಕದ ಹಂಚಿಗೆ ಸರಿಯಾಗಿ ಕಚ್ಚುವುದಿಲ್ಲ, ಗಾಳಿಮಳೆಗೆ ಅಲ್ಲೇ ನೀರು ನುಗ್ಗುತ್ತದೆ. ಬೈಗುಳ ಮಾತ್ರ ಹಂಚಿಗೆ.

ಹಂಚಿನ ವಿಷಯದಲ್ಲಿ ಭಾರದ ಲೆಕ್ಕವನ್ನೂ ನೋಡಬೇಕು. ಒಂದಕ್ಕೊಂದು ಕಚ್ಚಿಕೊಳ್ಳುವ ದೊಡ್ಡ ಮಣ್ಣಿನ ಹಂಚು ಚದರ ಮೀಟರಿಗೆ ಸುಮಾರು 15 ಬೇಕು, ಒಂದೊಂದು 2.5ರಿಂದ 3 ಕಿಲೋ. ಅಂದರೆ 100 ಚದರ ಮೀಟರಿಗೆ 1,500 ಹಂಚು, ಒಡೆಯುವುದಕ್ಕೆಂದು ಶೇ. 5ರಿಂದ 10 ಹೆಚ್ಚುವರಿ, ಒಟ್ಟು ಭಾರ ನಾಲ್ಕು ಟನ್ ಆಸುಪಾಸು. ನೆನೆದ ಹಂಚು ತನ್ನ ತೂಕದ ಶೇ. 15ರಷ್ಟು ನೀರು ಹಿಡಿದಿದ್ದರೂ ಅದರ ಮೇಲೆ ಇನ್ನೂ ಸುಮಾರು 600 ಕಿಲೋ. ಒಣ ಕಾಲದಲ್ಲಿ ಇಳಿಸಿ ಏರಿಸುವುದು ಆಳುಗಳ ಬೆನ್ನಿಗೂ ಹಳೆಯ ಪಕ್ಕಾಸಿಗೂ ಹಿತ. ಹೊದಿಸುವಾಗ ಎರಡೂ ಇಳಿಜಾರಿಗೆ ಸೂರಿನಿಂದ, ಅಂದರೆ ಕೆಳ ಅಂಚಿನಿಂದ, ಸಮಸಮವಾಗಿ ಏರಿಸುತ್ತ ಬರಬೇಕು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಹಳೆಯ ಚೌಕಟ್ಟು ಭಾರದ ಕಡೆಗೆ ವಾಲುತ್ತದೆ.

ನೆತ್ತಿಯ ಹಂಚನ್ನು ಗಾರೆಯಲ್ಲಿ ಕೂರಿಸುವಾಗ ಬಿಸಿಲೇ ವೈರಿ. ಕಾದ ಒಣ ಹಂಚು ಗಾರೆಯ ನೀರನ್ನು ಹೀರಿಬಿಡುತ್ತದೆ, ಸಿಮೆಂಟು ಕಚ್ಚುವ ಮೊದಲೇ ಗಾರೆ ಪುಡಿಯಾಗುತ್ತದೆ. ಹಂಚನ್ನು ಮೊದಲು ನೀರಿನಲ್ಲಿ ಅದ್ದಿ ತೆಗೆದು, ಬಿಸಿಲು ಇಳಿದ ಮೇಲೆ ಕೂರಿಸಿ, ಕೆಲವು ದಿನ ಒದ್ದೆ ಗೋಣಿ ಹೊದಿಸಬೇಕು. ಕಡು ಬೇಸಿಗೆಯಲ್ಲಿ ಮಟಮಟ ಮಧ್ಯಾಹ್ನ ಈ ಕೆಲಸ ಮಾಡುವ ತಂಡ ಕಂಡರೆ ಅಲ್ಲೇ ನಿಲ್ಲಿಸಿ.

ಲೋಹದ ಶೀಟಿಗೆ ಬೇಸಿಗೆ ಬೇರೆ ರೀತಿ ಕಾಟ ಕೊಡುತ್ತದೆ. 6 ಮೀಟರ್ ಉದ್ದದ ಉಕ್ಕಿನ ಶೀಟು ಉಷ್ಣತೆ 40 ಡಿಗ್ರಿ ಏರಿಳಿದರೆ ಸುಮಾರು 3 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 6. ಬೆಳಕಿಗೆಂದು ನಡುವೆ ಹಾಕುವ ಪಾಲಿಕಾರ್ಬೊನೇಟ್ 3 ಮೀಟರಿಗೇ ಸುಮಾರು 8 ಮಿಲಿಮೀಟರ್. ಕಾದು ಹಿಗ್ಗಿದ ಹೊತ್ತಿನಲ್ಲಿ ಸ್ಕ್ರೂ ಬಿಗಿದರೆ ರಾತ್ರಿಯ ತಂಪಿಗೆ ಶೀಟು ಸ್ಕ್ರೂವನ್ನು ಎಳೆಯುತ್ತದೆ, ದಿನವೂ ಎಳೆದಾಡಿ ತೂತು ಅಗಲವಾಗುತ್ತದೆ. ಅದಕ್ಕೇ ಶೀಟಿನ ಕೆಲಸ ಬೆಳಗಿನ ತಂಪಿನಲ್ಲಿ ನಡೆಯಬೇಕು, ಪಾಲಿಕಾರ್ಬೊನೇಟಿಗೆ ಸ್ಕ್ರೂವಿಗಿಂತ ದೊಡ್ಡ ತೂತು ಕೊರೆಯಬೇಕು. ಸ್ಕ್ರೂವಿನ ಬಿಗಿ ಹತ್ತಿರದಿಂದ ನೋಡಿ: ಲೋಹದ ವಾಷರಿನ ಅಂಚಿಗೆ ಕೆಳಗಿನ ರಬ್ಬರ್ ಸಣ್ಣಗೆ ಇಣುಕಿದರೆ ಸರಿ. ರಬ್ಬರ್ ಚಪ್ಪಟೆಯಾಗಿ ಹೊರಗೆ ಉಬ್ಬಿದ್ದರೆ ಬಿಗಿ ಹೆಚ್ಚಾಗಿದೆ, ಅದು ಬೇಗ ಸೀಳುತ್ತದೆ. ವಾಷರ್ ಕೈಗೆ ತಿರುಗಿದರೆ ಬಿಗಿ ಸಾಲದು. ತೂತು ಕೊರೆದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅದೇ ಸಂಜೆ ಮೆತ್ತನೆಯ ಪೊರಕೆಯಲ್ಲಿ ಗುಡಿಸಿಬಿಡಬೇಕು. ಒಂದು ಇಬ್ಬನಿ ಬಿದ್ದರೆ ಸಾಕು, ಹೊಸ ಶೀಟಿನ ತುಂಬ ಕಂದು ಚುಕ್ಕೆ.

ಇಬ್ಬನಿಯ ಮಾತು ಬಂದಿದ್ದರಿಂದ ಚಳಿಗಾಲದ ಒಂದು ದೋಷ ಹೇಳಬೇಕು, ನಾವು ಪೂರ್ತಿ 10 ಕೊಡದಿರುವುದೂ ಇದಕ್ಕೇ. ರಾತ್ರಿ ಲೋಹದ ಶೀಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ನೆಲ ಒಣಗಿದ್ದರೂ ಶೀಟು ಒದ್ದೆ. ಆ ಒದ್ದೆಯ ಮೇಲೆ ಸಿಲಿಕೋನ್ ಆಗಲಿ ಟೇಪ್ ಆಗಲಿ ಹಿಡಿಯುವುದಿಲ್ಲ. ಸೂರ್ಯ ಏರಿ ಶೀಟು ಆರುವ ತನಕ ಸಂದು ಮುಚ್ಚುವ ಕೆಲಸ ಮುಟ್ಟುವಂತಿಲ್ಲ, ಹಗಲು ಬೇರೆ ಚಿಕ್ಕದು. ಅಂಗಳದಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಸತುವು ಲೇಪಿತ ಶೀಟಿನ ನಡುವೆ ನೀರು ಸಿಕ್ಕಿಕೊಂಡರೆ ಬಿಳಿ ತುಕ್ಕು ಬರುತ್ತದೆ. ಒಂದು ತುದಿ ಎತ್ತರಿಸಿ, ನಡುವೆ ಗಾಳಿಗೆ ಜಾಗ ಬಿಟ್ಟು ಇಡಬೇಕು. ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಇನ್ನೂ ಕೆಡುತ್ತದೆ.

ಗಾಳಿಯ ದಿಕ್ಕಿನಲ್ಲಿ ಒಳ್ಳೊಳ್ಳೆ ತಂಡಗಳೂ ಎಡವುತ್ತವೆ. ಶೀಟಿನ ಪಕ್ಕದ ಜೋಡಣೆ ಮಳೆಗಾಳಿಗೆ ಬೆನ್ನು ಕೊಡುವಂತಿರಬೇಕು, ಅಂದರೆ ಗಾಳಿ ಬರುವ ದಿಕ್ಕಿಗೆ ದೂರವಾದ ತುದಿಯಿಂದ ಹಾಕುತ್ತ ಬರಬೇಕು. ಒಣ ಕಾಲದಲ್ಲಿ ಬೀಸುವ ಗಾಳಿಯೇ ಬೇರೆ, ಮಳೆ ತರುವ ಗಾಳಿಯೇ ಬೇರೆ ಇರುವ ಊರುಗಳು ಬಹಳ. ಕೆಲಸದ ದಿನದ ಗಾಳಿ ನೋಡಿ ಶುರು ಮಾಡಿದರೆ ಎಲ್ಲ ಜೋಡಣೆಯೂ ಮಳೆಗೆ ಬಾಯಿ ತೆರೆದು ಕೂರುತ್ತದೆ. ಯಾವ ಗೋಡೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೋ ಆ ದಿಕ್ಕನ್ನು ಮನೆಯವರೇ ತೋರಿಸಿಕೊಡುವುದು ಕ್ಷೇಮ.

ಹಿಮ ಬೀಳುವ ಕಡೆ ಬಳಸುವ ಡಾಂಬರಿನ ಶಿಂಗಲ್ಸ್‌ಗೆ (ಹಂಚಿನಂತೆ ಸಾಲಾಗಿ ಹೊದಿಸುವ ತೆಳು ಹಾಳೆಗಳಿಗೆ) ಲೆಕ್ಕ ಬೇರೆ. 5 ಡಿಗ್ರಿಗಿಂತ ಕೆಳಗೆ ಅವು ಬಗ್ಗಿಸಿದರೆ ಬಿರುಕು ಬಿಡುತ್ತವೆ. ಅಡಿಯ ಅಂಟಿನ ಪಟ್ಟಿ ತಾನಾಗಿ ಹಿಡಿಯಲು ಶಿಂಗಲಿನ ಮೈ 21 ಡಿಗ್ರಿ ಆಸುಪಾಸು ಬೆಚ್ಚಗಾಗಬೇಕು. ಚಳಿಯಲ್ಲಿ ಹೊಡೆದು ಬಿಟ್ಟರೆ ವಸಂತ ಬರುವಷ್ಟರಲ್ಲಿ ಪಟ್ಟಿಗೆ ಧೂಳು ಕೂತು ಅದು ಹಿಡಿಯದೇ ಹೋಗಬಹುದು, ಒಂದೊಂದನ್ನೂ ಕೈಯಲ್ಲಿ ಅಂಟಿಸುವ ತಂಡವನ್ನೇ ಕರೆಯಿರಿ. ಸುಡು ಬೇಸಿಗೆಯಲ್ಲಿ ಅವು ಮೆತ್ತಗಾಗಿ ಕಾಲಡಿಯಲ್ಲಿ ಮೇಲಿನ ಕಲ್ಲುಪುಡಿ ಉಜ್ಜಿಹೋಗುತ್ತದೆ. ವಸಂತದ ಕೊನೆ ಅಥವಾ ಎಲೆ ಉದುರುವ ಕಾಲದ ಮೊದಲ ಭಾಗವೇ ಅಲ್ಲಿನ 9 ಅಂಕ.

ಕಾಂಕ್ರೀಟ್ ತಾರಸಿಯ ವಾಟರ್‌ಪ್ರೂಫಿಂಗ್ ಬದಲಿಸುವವರು ಒಂದು ಅಗ್ಗದ ಪರೀಕ್ಷೆ ಮಾಡಿಯೇ ತಂಡವನ್ನು ಕರೆಯಲಿ. ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ಕನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ತಾರಸಿಗೆ ಅಂಟಿಸಿ, 16 ಗಂಟೆ ಬಿಟ್ಟು ಎತ್ತಿ ನೋಡಿ. ಒಳಗೆ ಬೆವರಿದ್ದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಹೊಸ ಪದರವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಲೇಪನವನ್ನು ಬೆಳಿಗ್ಗೆ ಬಿಸಿಲೇರುವಾಗ ಬಳಿದರೂ ಸೂಜಿತೂತು ಬೀಳುತ್ತವೆ. ಕಾಂಕ್ರೀಟು ತಣ್ಣಗಾಗಲು ಶುರುವಾದ ಇಳಿಹೊತ್ತೇ ಮೇಲು, ಇಬ್ಬನಿ ಬೀಳುವ ಮೊದಲು ಆರುವಷ್ಟು ಸಮಯ ಇಟ್ಟುಕೊಂಡು.

ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಶೀಟು ಇಳಿಸುವುದಿದ್ದರೆ ಗಾಳಿ ಜೋರಾದ ತಿಂಗಳು ಬೇಡವೇ ಬೇಡ. ಶೀಟಿಗೆ ನೀರು ಚಿಮುಕಿಸಿ, ಒಡೆಯದೆ, ಗರಗಸ ಹಾಕದೆ, ಇಡಿಯಾಗಿ ಇಳಿಸಬೇಕು. ಅದರ ಮೇಲೆ ನೇರವಾಗಿ ಕಾಲಿಡಬಾರದು. ಇದನ್ನು ತಂಡ ತಾನಾಗಿಯೇ ಹೇಳದಿದ್ದರೆ ಬೇರೆ ತಂಡ ನೋಡುವುದು ಒಳ್ಳೆಯದು.

ಒಣ ಕಾಲದ ಕೆಲಸಕ್ಕೆ ಇನ್ನೊಂದು ಕೊರತೆ: ಸೋರುತ್ತದೋ ಇಲ್ಲವೋ ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಮೇಸ್ತ್ರಿಯ ಫೋನು ಬ್ಯುಸಿಯಾಗಿರುತ್ತದೆ. ಕೊನೆಯ ಕಂತು ಕೊಡುವ ಮುಂಚೆ ಪೈಪಿನಲ್ಲಿ ನೀರು ಬಿಟ್ಟು ನೋಡಿ. ಸೂರಿನಿಂದ ಶುರುಮಾಡಿ ಮೇಲೇರಬೇಕು, ಒಂದೊಂದು ಭಾಗಕ್ಕೆ ಹತ್ತು ನಿಮಿಷ. ಮೊದಲೇ ನೆತ್ತಿಗೆ ಬಿಟ್ಟರೆ ನೀರು ಎಲ್ಲ ಕಡೆ ಹರಿದು, ಸೋರಿದ್ದು ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ನೀರು ಮೇಲಿನಿಂದ ಕೆಳಕ್ಕೆ ಹರಿಯಬೇಕೇ ಹೊರತು, ಪೈಪನ್ನು ಕೆಳಗಿನಿಂದ ಮೇಲ್ಮುಖವಾಗಿ ಜೋಡಣೆಯ ಬಾಯಿಗೆ ಹಿಡಿದರೆ ಯಾವ ಮಾಡೂ ಸೋರುತ್ತದೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಮಳೆಗಾಲದಲ್ಲಿ ಎಳೆದ ಸೀಮೆಸುಣ್ಣದ ಗೆರೆಗಳ ಕೆಳಗೇ ನಿಂತಿರಲಿ.